ಒಂದೇ ಬಾಗಿಲಿನ ಕೋಣೆ

ಒಂದು ಪ್ರಶ್ನೆಯಿಂದ ಮಾತು ಶುರು ಮಾಡುತ್ತೇನೆ. ನಾಲ್ಕು ಜನರ ಮುಂದೆ ಆಡಲು ಮುಜುಗರವಾಗುವ ಪ್ರಶ್ನೆ ಅದು. 2010ರ ಮಾತು. ಡೆಜ್ ಬ್ರಯಂಟ್ ಎಂಬ ಹುಡುಗನಿಗೆ ಆಗ 21 ವರ್ಷ. ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ. ಓಡುತ್ತಲೇ ಮೇಲಿಂದ ಬರುವ ಚೆಂಡನ್ನು ಹಿಡಿಯುವ ರಿಸೀವರ್. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ್ತಿಲಲ್ಲಿ ನಿಂತಿದ್ದ. ಮಯಾಮಿ ಡಾಲ್ಫಿನ್ಸ್ ತಂಡದವರು ಮಾತಾಡಿಸಲು ಕರೆದರು. ಅಲ್ಲಿ ತಂಡದ ಜನರಲ್ ಮ್ಯಾನೇಜರ್ ಜೆಫ್ ಐರ್ಲೆಂಡ್ ಕೇಳಿದರು: ನಿನ್ನ ತಾಯಿ ಮೈ ಮಾರಿಕೊಳ್ಳುವವಳೇ?

ಹುಡುಗ ಇಲ್ಲ ಎಂದ. ಒಳಗೆ ಕೊತಕೊತ ಕುದಿಯುತ್ತಿದ್ದರೂ ಮುಖದಲ್ಲಿ ತೋರಿಸಿಕೊಳ್ಳಲಿಲ್ಲ ಎಂದು ಆಮೇಲೆ ಪತ್ರಕರ್ತರೊಬ್ಬರ ಹತ್ತಿರ ಹೇಳಿಕೊಂಡ. ಸುದ್ದಿ ಹೊರಬಿದ್ದ ಮೇಲೆ ಐರ್ಲೆಂಡ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಲ್ಲಿ ನನ್ನ ಮಾತನ್ನೇ ಸ್ವಲ್ಪ ನಿಲ್ಲಿಸಿ ನೋಡಬೇಕು. ಹುಡುಗ 'ಎಂದ' ಅಂದೆ, ಮ್ಯಾನೇಜರ್ 'ಕೇಳಿದರು' ಅಂದೆ. ಪ್ರಶ್ನೆಯನ್ನು ಕನ್ನಡಕ್ಕೆ ತರುವಾಗ 'ನಿಮ್ಮ ತಾಯಿ' ಎನ್ನಲು ನಾಲಿಗೆ ಹೊರಳಲೇ ಇಲ್ಲ, ತಾನಾಗಿ 'ನಿನ್ನ ತಾಯಿ' ಅಂತಲೇ ಬಂತು. ಅವರು ಆಡಿದ ಭಾಷೆಯಲ್ಲಿ ನೀನು, ನೀವು ಎರಡಕ್ಕೂ ಒಂದೇ ಮಾತು. ಕನ್ನಡದಲ್ಲಿ ಮಾತ್ರ ನಾವು ಒಂದನ್ನು ಆರಿಸಲೇಬೇಕು. ಆರಿಸಿದ ಕೂಡಲೇ ಆ ಕೋಣೆಯಲ್ಲಿ ಯಾರು ಎಷ್ಟು ಎತ್ತರದಲ್ಲಿ ಕೂತಿದ್ದರು ಎಂಬುದು ಬಯಲಾಗುತ್ತದೆ. ನಾನೂ ಅರಿವಿಲ್ಲದೆ ಆ ಎತ್ತರಕ್ಕೆ ತಲೆಬಾಗಿಬಿಟ್ಟೆ. ಇನ್ನು ಮುಂದೆ ಆಟಗಾರರ ಬಗ್ಗೆ ಹೇಳುವಾಗಲೂ 'ಅವರು' ಎನ್ನುತ್ತೇನೆ. ಬ್ರಯಂಟ್ ಅವರನ್ನು ಆ ವರ್ಷ ಡಲ್ಲಾಸ್ ಕೌಬಾಯ್ಸ್ ತಂಡ, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ, 24ನೇ ಆಯ್ಕೆಯಾಗಿ ತೆಗೆದುಕೊಂಡಿತು. 2014ರಲ್ಲಿ ಅವರು ಹಿಡಿದ ಟಚ್‌ಡೌನ್‌ಗಳು, ಅಂದರೆ ಎದುರಾಳಿಯ ಗಡಿ ದಾಟಿಸಿ ಅಂಕ ತಂದ ಚೆಂಡುಗಳು, 16, ಆ ಋತುವಿನಲ್ಲಿ ಇಡೀ ಲೀಗ್‌ಗೇ ಹೆಚ್ಚು. ತಾಯಿಯ ಬಗೆಗಿನ ಆ ಪ್ರಶ್ನೆಗೂ ಈ ಹದಿನಾರಕ್ಕೂ ಏನು ಸಂಬಂಧ ಎಂದು ಎಷ್ಟು ಹುಡುಕಿದರೂ ನನಗೆ ಸಿಕ್ಕಿಲ್ಲ.

ಇಂಥ ಪ್ರಶ್ನೆ ಕೇಳುವವರಿಗೆ ಸಿದ್ಧ ಉತ್ತರವೊಂದಿದೆ. 'ನಮಗೆ ಉತ್ತರ ಮುಖ್ಯವಲ್ಲ, ಕೆಣಕಿದಾಗ ಹುಡುಗ ಹೇಗೆ ನಡೆದುಕೊಳ್ಳುತ್ತಾನೆ ಅಂತ ನೋಡುತ್ತೇವೆ. ಮೈದಾನದಲ್ಲಿ ಎದುರಾಳಿಗಳು ಇದಕ್ಕಿಂತ ಕೆಟ್ಟದಾಗಿ ಬಯ್ಯುತ್ತಾರೆ.' ಮೊದಲ ಸಲ ಕೇಳಿದಾಗ ಇದರಲ್ಲೂ ಅರ್ಥವಿದೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಮೈದಾನದಲ್ಲಿ ಬಯ್ಯುವವನು ನಿಮ್ಮ ಸಮಾನ. ಮುಂದಿನ ಚೆಂಡಿನಲ್ಲಿ ಅವನನ್ನು ಹಿಂದೆ ಹಾಕಿ ಓಡಿದರೆ ಅದೇ ಉತ್ತರ. ಅಲ್ಲಿ ರೆಫರಿ ಇದ್ದಾರೆ, ಜೊತೆಗಾರರಿದ್ದಾರೆ, ಕ್ಯಾಮೆರಾ ಇದೆ. ಸಂದರ್ಶನದ ಕೋಣೆಯಲ್ಲಿ ಬಯ್ಯುವವರ ಕೈಯಲ್ಲೇ ನಿಮ್ಮ ಅನ್ನ ಇರುತ್ತದೆ. ಅಲ್ಲಿ ಸುಮ್ಮನೆ ಕೂತವನು ತೋರಿಸುವುದು ಅನ್ನ ಕೊಡುವವರ ಎದುರು ಅವಮಾನ ನುಂಗುವ ಅಭ್ಯಾಸವನ್ನು. ಬಡತನದಲ್ಲಿ ಬೆಳೆದ ಮಕ್ಕಳಿಗೆ ಆ ಅಭ್ಯಾಸ ಎಂಟನೇ ವಯಸ್ಸಿಗೇ ಬಂದಿರುತ್ತದೆ. ಅದನ್ನು ಪರೀಕ್ಷೆ ಮಾಡಿ ತಿಳಿದುಕೊಳ್ಳುವಂಥದ್ದು ಏನೂ ಇಲ್ಲ.

ಈಗ ಆ ಕೋಣೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಎನ್‌ಎಫ್‌ಎಲ್‌ಗೆ ಸೇರಬಯಸುವ ಮುನ್ನೂರಕ್ಕೂ ಹೆಚ್ಚು ಆಟಗಾರರನ್ನು ಪ್ರತಿವರ್ಷ ಫೆಬ್ರವರಿ ಕೊನೆಯ ಹೊತ್ತಿಗೆ ಒಂದೆಡೆ ಸೇರಿಸುತ್ತಾರೆ. ಅದಕ್ಕೆ ಕಂಬೈನ್ ಎನ್ನುತ್ತಾರೆ. 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. 40 ಗಜ ಓಡಿಸುತ್ತಾರೆ. 225 ಪೌಂಡ್, ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿಕೊಂಡು ಎಷ್ಟು ಸಲ ಎತ್ತುತ್ತಾರೆ ಎಂದು ಎಣಿಸುತ್ತಾರೆ. ಎತ್ತರ, ತೂಕ, ಅಂಗೈ ಅಗಲ, ತೋಳಿನ ಉದ್ದ ಎಲ್ಲ ಅಳೆಯುತ್ತಾರೆ. ಹಳೆಯ ಗಾಯಗಳನ್ನು 32 ತಂಡಗಳ ವೈದ್ಯರೂ ಮುಟ್ಟಿ, ಎಳೆದು, ಬಾಗಿಸಿ ನೋಡುತ್ತಾರೆ. ಅಂಗಿಯ ಮೇಲೆ ಆಡುವ ಸ್ಥಾನದ ಎರಡಕ್ಷರ ಮತ್ತೊಂದು ಸಂಖ್ಯೆ. ಅಷ್ಟು ದಿನ ಅದೇ ಅವರ ಗುರುತು.

ಇದೆಲ್ಲ ಆದ ಮೇಲೆ ರಾತ್ರಿ ಸಂದರ್ಶನ. ಒಂದೊಂದು ತಂಡಕ್ಕೆ ಒಬ್ಬೊಬ್ಬ ಆಟಗಾರನ ಜೊತೆ ಹಿಂದೆ 15 ನಿಮಿಷ ಸಿಗುತ್ತಿತ್ತು, 2020ರಲ್ಲಿ ಅದು 18 ನಿಮಿಷವಾಯಿತು. ಕೋಣೆಯ ತುಂಬ ಕೋಚ್‌ಗಳು, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು, ಜನರಲ್ ಮ್ಯಾನೇಜರ್, ಕೆಲವೊಮ್ಮೆ ತಂಡದ ಮಾಲೀಕರೂ. ಎದುರಿಗೆ ಒಂದು ಕುರ್ಚಿ. ಗಂಟೆ ಬಾರಿಸಿದರೆ ಎದ್ದು ಮುಂದಿನ ಕೋಣೆಗೆ ಹೋಗಬೇಕು. ಅಲ್ಲೂ ಅಷ್ಟೇ ಜನ, ಅಂಥದೇ ಕುರ್ಚಿ. ಬೆಳಿಗ್ಗೆಯಿಂದ ರಕ್ತ ಕೊಟ್ಟು, ಎಂಆರ್‌ಐ ಯಂತ್ರದೊಳಗೆ ಮಲಗಿ ಎದ್ದು ಬಂದ ಇಪ್ಪತ್ತೊಂದು ವರ್ಷದವರು ರಾತ್ರಿ ಹತ್ತಕ್ಕೆ ಆ ಕುರ್ಚಿಯಲ್ಲಿ ಹೇಗೆ ಕೂತಿರುತ್ತಾರೆ ಎಂದು ಊಹಿಸಿಕೊಳ್ಳಿ.

2013ರ ಕಂಬೈನ್ ಮುಗಿದ ಮೇಲೆ ಕೊಲೊರಾಡೊ ವಿಶ್ವವಿದ್ಯಾಲಯದ ನಿಕ್ ಕಾಸಾ ಎಂಬ ಆಟಗಾರ ರೇಡಿಯೊ ಕಾರ್ಯಕ್ರಮವೊಂದರಲ್ಲಿ, ತಂಡಗಳು ತಮ್ಮನ್ನು ಏನು ಕೇಳಿದವು ಎಂದು ಹೇಳಿದರು. ಗೆಳತಿ ಇದ್ದಾಳಾ? ಮದುವೆ ಆಗಿದೆಯಾ? ಹುಡುಗಿಯರನ್ನು ಕಂಡರೆ ಇಷ್ಟಾನಾ? ಮೇಲುನೋಟಕ್ಕೆ ಮೊದಲೆರಡು ಪ್ರಶ್ನೆ ನೆಂಟರಿಷ್ಟರು ಕೇಳುವಂಥವು. ಮೂರನೆಯದು ಬಂದಾಗ ಮೊದಲೆರಡು ಯಾವ ದಾರಿ ಹಿಡಿದಿದ್ದವು ಎಂದು ತಿಳಿಯುತ್ತದೆ. ನೇರವಾಗಿ ಕೇಳಲು ಕಾನೂನಿನ ಭಯ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಲಿಂಗಿಗಳೆಂಬ ಕಾರಣಕ್ಕೆ ಆಟಗಾರರಿಗೆ ತಾರತಮ್ಯ ಮಾಡುವಂತಿಲ್ಲ ಎಂದು ಲೀಗ್ ಮತ್ತು ಆಟಗಾರರ ಸಂಘ 2011ರ ಒಪ್ಪಂದದಲ್ಲೇ ಬರೆದುಕೊಂಡಿದ್ದವು. ಎರಡೇ ವರ್ಷಕ್ಕೆ ಈ ಪ್ರಶ್ನೆ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೀಗ್‌ಗೆ ಪತ್ರ ಬರೆದರು. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು: ಡ್ರೆಸ್ಸಿಂಗ್ ರೂಮುಗಳಲ್ಲಿ ಭಿತ್ತಿಪತ್ರ ಹಾಕುವುದು, ಸಂದರ್ಶನ ಮಾಡುವವರಿಗೆ ತರಬೇತಿ ಕೊಡುವುದು.

ಮೂರು ವರ್ಷ ಕಳೆಯಿತು. 2016ರ ಕಂಬೈನ್‌ನಲ್ಲಿ ಒಹಾಯೊ ಸ್ಟೇಟ್‌ನ ಎಲಿ ಆಪಲ್ ಅವರಿಗೆ ಅಟ್ಲಾಂಟಾ ಫಾಲ್ಕನ್ಸ್ ತಂಡದ ಸಹಾಯಕ ಕೋಚ್ ಒಬ್ಬರು ಕೇಳಿದ್ದು: ನಿನಗೆ ಗಂಡಸರೆಂದರೆ ಇಷ್ಟವಾ? ಆ ಕೋಚ್‌ನಿಂದ ಬಂದ ಮೊದಲ ಪ್ರಶ್ನೆಯೇ ಅದಾಗಿತ್ತು ಎಂಬರ್ಥದಲ್ಲಿ ಆಪಲ್ ಹೇಳಿದ್ದರು. ಮುಖ್ಯ ಕೋಚ್ ಡ್ಯಾನ್ ಕ್ವಿನ್ ಕ್ಷಮೆ ಕೇಳಿದರು. ಮತ್ತೆರಡು ವರ್ಷ. 2018ರಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಡೇರಿಯಸ್ ಗೈಸ್, ಒಂದು ತಂಡ ತಮ್ಮನ್ನು ಗಂಡಸರೆಂದರೆ ಇಷ್ಟವಾ ಎಂದು ಕೇಳಿತು, ಇನ್ನೊಂದು ತಂಡ ನಿನ್ನ ತಾಯಿ ಮೈ ಮಾರಿಕೊಳ್ಳುತ್ತಾಳಂತೆ, ನೀನೇನು ಮಾಡುತ್ತೀಯ ಎಂಬ ಧಾಟಿಯಲ್ಲಿ ಕೇಳಿತು ಎಂದರು. ಎಂಟು ವರ್ಷ ಹಿಂದಿನ ಅದೇ ತಾಯಿಯ ಪ್ರಶ್ನೆ. ಲೀಗ್ ತನಿಖೆ ಮಾಡಿತು. ಯಾವ ತಂಡ ಕೇಳಿತೆಂದು ಖಚಿತಪಡಿಸಿಕೊಳ್ಳಲು ಆಗಲಿಲ್ಲ ಎಂದು ಕಡತ ಮುಚ್ಚಿತು.

ಈ ಕಡತ ಮುಚ್ಚಿದ ರೀತಿ ನನ್ನನ್ನು ಬಹಳ ಕಾಡುತ್ತದೆ. ಕೋಣೆಯಲ್ಲಿದ್ದವರು ಹತ್ತು ಜನರಿದ್ದರೆ ಒಂಬತ್ತು ಜನ ಒಂದೇ ತಂಡದ ಸಂಬಳ ತಿನ್ನುವವರು. ಹತ್ತನೆಯವರು ಕೆಲಸ ಕೇಳಿಕೊಂಡು ಬಂದವರು. ಸಾಕ್ಷಿ ಯಾರು ಹೇಳಬೇಕು?

ಇಷ್ಟು ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು, ಆ ಹುಡುಗರು ಎದ್ದು ಹೊರಗೆ ಬರಬಹುದಿತ್ತಲ್ಲ, ನಿಮ್ಮ ಕೆಲಸವೂ ಬೇಡ ನಿಮ್ಮ ಸಹವಾಸವೂ ಬೇಡ ಎನ್ನಬಹುದಿತ್ತಲ್ಲ ಎಂದು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಇದನ್ನೇ. ಅವರು ಬರಲಾರರು. ಆ ಕೋಣೆಗೆ ಇರುವುದು ಒಂದೇ ಬಾಗಿಲು.

ಒಬ್ಬ ಎಂಜಿನಿಯರ್‌ಗೋ ಲೆಕ್ಕಿಗರಿಗೋ ಒಂದು ಕಂಪನಿಯಲ್ಲಿ ಹೀಗೆ ಕೇಳಿದರು ಅನ್ನಿ. ಸಿಟ್ಟು ಬರುತ್ತದೆ, ಅವಮಾನವಾಗುತ್ತದೆ, ಆದರೂ ಪಕ್ಕದ ಕಂಪನಿಯ ಬಾಗಿಲು ತೆರೆದಿರುತ್ತದೆ. ಎನ್‌ಎಫ್‌ಎಲ್‌ನಲ್ಲಿ 1936ರಿಂದ ಇರುವುದು ಡ್ರಾಫ್ಟ್ ಪದ್ಧತಿ. ಆಟಗಾರರು ತಂಡವನ್ನು ಆರಿಸುವುದಿಲ್ಲ, ತಂಡ ಆಟಗಾರರನ್ನು ಆರಿಸುತ್ತದೆ. ಏಳು ಸುತ್ತು, ಸುಮಾರು ಇನ್ನೂರೈವತ್ತು ಹೆಸರು. ನಿಮ್ಮ ಹೆಸರು ಕೂಗಿದ ತಂಡದ ಜೊತೆ ಮಾತ್ರ ನೀವು ಕರಾರು ಮಾಡಿಕೊಳ್ಳಬಹುದು. ಬೇಡ ಎಂದರೆ ಆ ಲೀಗ್‌ನಲ್ಲಿ ವರ್ಷವಿಡೀ ಆಡದೆ ಕೂತು, ಮುಂದಿನ ವರ್ಷದ ಡ್ರಾಫ್ಟ್‌ಗೆ ಕಾಯಬೇಕು. 2011ರ ಒಪ್ಪಂದದ ನಂತರ ಮೊದಲ ಕರಾರು ನಾಲ್ಕು ವರ್ಷದ್ದು, ಎಷ್ಟನೆಯವರಾಗಿ ಆಯ್ಕೆಯಾದಿರಿ ಎಂಬುದರ ಮೇಲೆಯೇ ಹೆಚ್ಚುಕಮ್ಮಿ ಸಂಬಳವೂ ನಿಗದಿ. ಹೀಗಾಗಿ ಹತ್ತನೆಯ ಸ್ಥಾನದಲ್ಲಿ ಬರಬೇಕಾದವರು ಎಂಬತ್ತಕ್ಕೆ ಜಾರಿದರೆ ಕಳೆದುಕೊಳ್ಳುವುದು ಒಂದು ತಿಂಗಳ ಸಂಬಳವನ್ನಲ್ಲ, ಆ ವೃತ್ತಿಯ ಬಹುಪಾಲು ದುಡಿಮೆಯನ್ನು.

ಇದರ ಹಿಂದಿನ ಕಾನೂನಿನ ವಿಚಾರ ಇನ್ನೂ ವಿಚಿತ್ರವಾಗಿದೆ, ಎರಡು ನಿಮಿಷ ಅದಕ್ಕೆ ಕೊಡಿ. ಮೂವತ್ತೆರಡು ಉದ್ಯೋಗದಾತರು ಕೂಡಿ ಕೂತು 'ಈತ ನಿನಗೆ, ಆತ ನನಗೆ' ಎಂದು ಹಂಚಿಕೊಳ್ಳುವುದು ಬೇರೆ ಯಾವ ಉದ್ಯಮದಲ್ಲಾದರೂ ಸ್ಪರ್ಧಾ ಕಾನೂನಿನ ಉಲ್ಲಂಘನೆಯಾಗುತ್ತಿತ್ತು. ಕ್ರೀಡೆಯಲ್ಲಿ ಅದು ನಿಂತಿರುವುದು ಆಟಗಾರರ ಸಂಘದ ಜೊತೆ ಮಾಡಿಕೊಂಡ ಸಾಮೂಹಿಕ ಒಪ್ಪಂದದ ಬಲದಿಂದ. ಆದರೆ ಕಂಬೈನ್‌ಗೆ ಬರುವವರು ಇನ್ನೂ ಸಂಘದ ಸದಸ್ಯರೇ ಅಲ್ಲ. 2003ರಲ್ಲಿ ಮೌರಿಸ್ ಕ್ಲಾರೆಟ್ ಎಂಬ ಯುವ ಆಟಗಾರ ಈ ನಿಯಮಗಳ ವಿರುದ್ಧ ಕೋರ್ಟಿಗೆ ಹೋದರು. ಶಾಲೆ ಮುಗಿಸಿ ಮೂರು ವರ್ಷವಾಗದೆ ಡ್ರಾಫ್ಟ್‌ಗೆ ಬರುವಂತಿಲ್ಲ ಎಂಬ ನಿಯಮ ಅವರನ್ನು ತಡೆದಿತ್ತು. 2004ರಲ್ಲಿ ಕೆಳ ನ್ಯಾಯಾಲಯದಲ್ಲಿ ಗೆದ್ದರು, ಅದೇ ವರ್ಷ ಮೇಲ್ಮನವಿಯಲ್ಲಿ ಸೋತರು. ತೀರ್ಪು ಬರೆದವರು ಸೋನಿಯಾ ಸೊಟೊಮೇಯರ್, ಐದು ವರ್ಷದ ನಂತರ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದವರು. ಒಳಗಿರುವವರು ಮಾಡಿಕೊಂಡ ಒಪ್ಪಂದ ಒಳಗೆ ಬರಲಿರುವವರಿಗೂ ಅನ್ವಯಿಸುತ್ತದೆ ಎಂಬುದು ಅದರ ಸಾರ. ಅಂದರೆ ಆ ಕುರ್ಚಿಯಲ್ಲಿ ಕೂತವರಿಗೆ ಸಂಘದ ಕಟ್ಟುಪಾಡೆಲ್ಲ ಉಂಟು, ಸದಸ್ಯತ್ವ ಮಾತ್ರ ಇನ್ನೂ ಇಲ್ಲ.

ಬೇರೆ ಕಾನೂನುಗಳಿಲ್ಲವೇ? ಇವೆ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಅದರ ರಕ್ಷಣೆ ಸಲಿಂಗಿ ಮತ್ತು ಲಿಂಗಪರಿವರ್ತಿತ ನೌಕರರಿಗೂ ಸಿಗಬೇಕೆಂದು 2020ರ ಜೂನ್‌ನಲ್ಲಿ ಬೋಸ್ಟಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕೆಲಸ ಸಿಗದಿದ್ದದ್ದು ಈ ಕಾರಣಕ್ಕೇ ಎಂದು ತೋರಿಸಿಕೊಡಬೇಕಾದವರು ಕೆಲಸ ಸಿಗದವರೇ. ಮೂವತ್ತೆರಡು ತಂಡಗಳಲ್ಲಿ ಯಾವುದು, ಎಷ್ಟನೆಯ ಸುತ್ತಿನಲ್ಲಿ, ಏನು ಯೋಚಿಸಿ ನಿಮ್ಮ ಹೆಸರನ್ನು ದಾಟಿ ಮುಂದೆ ಹೋಯಿತು ಎಂದು ಯಾವ ಕೋರ್ಟಿನಲ್ಲಿ ಹೇಗೆ ತೋರಿಸುತ್ತೀರಿ? ಬಿಸಿತುಪ್ಪದ ಕಥೆ ಇದು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮೈಕೆಲ್ ಸ್ಯಾಮ್ ಅವರ ಹೆಸರು ಇಲ್ಲಿ ಹೇಳಲೇಬೇಕು. 2013ರ ಋತುವಿನಲ್ಲಿ ಅವರು ತಮ್ಮ ಕಾಲೇಜು ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಪ್ರಶಸ್ತಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಂಡವರು. 2014ರ ಫೆಬ್ರವರಿಯಲ್ಲಿ, ಕಂಬೈನ್‌ಗೆ ಸ್ವಲ್ಪ ಮುಂಚೆ, ತಾವು ಸಲಿಂಗಿ ಎಂದು ಜಗತ್ತಿಗೆ ತಾವೇ ಹೇಳಿದರು. ಕೆದಕಿ ಬಾಯಿ ಬಿಡಿಸುವ ಅವಕಾಶ ಆ ಕೋಣೆಗಳಿಗೆ ಉಳಿಯಲಿಲ್ಲ. ಮೇ ತಿಂಗಳ ಡ್ರಾಫ್ಟ್‌ನಲ್ಲಿ ಒಟ್ಟು 256 ಹೆಸರು ಕೂಗಿದರು, ಅವರದು 249ನೆಯದು. ಎನ್‌ಎಫ್‌ಎಲ್‌ನ ಒಂದೇ ಒಂದು ಲೀಗ್ ಪಂದ್ಯವನ್ನೂ ಅವರು ಆಡಲಾಗಲಿಲ್ಲ. ಓಟ ನಿಧಾನವಿತ್ತು, ಅವರ ಸ್ಥಾನಕ್ಕೆ ಮೈಕಟ್ಟು ಸಾಲದು ಎಂಬ ಮಾತುಗಳಿದ್ದವು, ಅವುಗಳಲ್ಲಿ ಹುರುಳೂ ಇತ್ತು. ಎಷ್ಟು ಪಾಲು ಓಟ, ಎಷ್ಟು ಪಾಲು ಉಳಿದದ್ದು ಎಂದು ಅಳೆಯಲು ಯಾರಿಂದಲೂ ಆಗುವುದಿಲ್ಲ, ಅವರ ಸಂಕಟವೂ ಅದೇ. ಆಡುತ್ತಿರುವಾಗಲೇ ಹಾಗೆ ಹೇಳಿಕೊಂಡು, ಆ ಮೇಲೂ ಎನ್‌ಎಫ್‌ಎಲ್ ಲೀಗ್ ಪಂದ್ಯ ಆಡಿದ ಮೊದಲಿಗರು ಕಾರ್ಲ್ ನ್ಯಾಸಿಬ್. ಅದು 2021ರಲ್ಲಿ. ಅಷ್ಟು ಹೊತ್ತಿಗೆ ಅವರು ಲೀಗ್‌ನಲ್ಲಿ ಐದು ಋತು ಮುಗಿಸಿದ್ದರು, ಕೈಯಲ್ಲಿ ಕರಾರು ಇತ್ತು.

ತಂಡಗಳ ಕಡೆಯಿಂದಲೂ ಸ್ವಲ್ಪ ಯೋಚಿಸಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ. ಕೋಟ್ಯಂತರ ಡಾಲರ್ ಹಾಕುವವರು ಏನನ್ನೂ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ನನಗೆ ಇವತ್ತಿಗೂ ತೀರ್ಮಾನವಾಗದ ಒಂದು ಪ್ರಕರಣವಿದೆ, ಅದು ಬ್ಯಾಸ್ಕೆಟ್‌ಬಾಲ್‌ನದು. 2005ರಲ್ಲಿ ಶಿಕಾಗೊ ಬುಲ್ಸ್ ತಂಡದ ಎಡ್ಡಿ ಕರಿ ಅವರ ಎದೆಬಡಿತದಲ್ಲಿ ಏರುಪೇರು ಕಂಡುಬಂತು. ವಂಶವಾಹಿಯಲ್ಲಿ ಬರುವ ಹೃದಯದ ಕಾಯಿಲೆಯಿದೆಯೇ ಎಂದು ತಿಳಿಯಲು ಡಿಎನ್‌ಎ ಪರೀಕ್ಷೆ ಮಾಡಿಸಿಕೋ ಎಂದಿತು ತಂಡ. ಪರೀಕ್ಷೆಯಲ್ಲಿ ಕಾಯಿಲೆ ಇದೆ ಎಂದು ಬಂದರೆ 50 ವರ್ಷ, ವರ್ಷಕ್ಕೆ 4,00,000 ಡಾಲರ್ ಕೊಡುತ್ತೇವೆ ಎಂದೂ ಹೇಳಿತು. ಕರಿ ಒಪ್ಪಲಿಲ್ಲ. ನನ್ನ ರಕ್ತದಲ್ಲಿ ಏನು ಬರೆದಿದೆ ಎಂಬುದು ನನ್ನ ವಿಷಯ, ಅದು ಒಮ್ಮೆ ಬಯಲಾದರೆ ನನ್ನ ಕೆಲಸ, ನನ್ನ ವಿಮೆ ಎಲ್ಲದರ ಮೇಲೂ ಕೂರುತ್ತದೆ ಎಂಬುದು ಅವರ ಕಡೆಯ ವಾದ. ತಂಡ ಅವರನ್ನು ನ್ಯೂಯಾರ್ಕ್ ನಿಕ್ಸ್‌ಗೆ ಬಿಟ್ಟುಕೊಟ್ಟಿತು. ಅವರು ಮುಂದೆಯೂ ವರ್ಷಗಟ್ಟಲೆ ಆಡಿದರು.

ಇಲ್ಲಿ ಬುಲ್ಸ್ ತಂಡವನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. 1990ರಲ್ಲಿ ಹ್ಯಾಂಕ್ ಗ್ಯಾದರ್ಸ್ ಕಾಲೇಜು ಪಂದ್ಯದ ನಡುವೆಯೇ ಅಂಗಣದಲ್ಲಿ ಕುಸಿದು ತೀರಿಕೊಂಡಿದ್ದರು. 1993ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ರೆಗ್ಗಿ ಲೂಯಿಸ್ ಅಭ್ಯಾಸ ಮಾಡುತ್ತಿದ್ದಾಗ ಹೋದರು, ಅವರಿಗೆ ಬರೀ 27 ವರ್ಷ. ಆ ಎರಡು ಸಾವುಗಳನ್ನು ನೋಡಿದವರು ಹೆದರುವುದು ಸಹಜ. ಪ್ರಶ್ನೆಗೂ ಆಟಕ್ಕೂ ಸಂಬಂಧವಿತ್ತು, ಪ್ರಾಣದ ಸಂಬಂಧವೇ. ಆದರೂ ಮೂರೇ ವರ್ಷಕ್ಕೆ, 2008ರಲ್ಲಿ, ಅಮೆರಿಕದ ಸಂಸತ್ತು ವಂಶವಾಹಿ ಮಾಹಿತಿಯನ್ನು ಉದ್ಯೋಗದಾತರು ಕೇಳುವಂತಿಲ್ಲ ಎಂಬ ಕಾಯ್ದೆ ತಂದಿತು. ಕರಿ ಅವರಿಗೆ ಒಂದು ಕರಾರು ಮುಗಿದರೂ ಇನ್ನೊಂದು ತಂಡ ತೆಗೆದುಕೊಳ್ಳುತ್ತದೆಂಬ ಧೈರ್ಯವಿತ್ತು, ಹಾಗಾಗಿ ಇಲ್ಲ ಎನ್ನಲು ಆಯಿತು. ಕಂಬೈನ್‌ನ ಕುರ್ಚಿಯಲ್ಲಿರುವವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು, ಕಂಬೈನ್‌ನಲ್ಲಿ ಕೆಲಸ ಕೊಡುವ ಮೊದಲೇ ಮಾಡುವ ವೈದ್ಯಕೀಯ ತಪಾಸಣೆಗಳು 1990ರ ಅಂಗವಿಕಲರ ಕಾಯ್ದೆಗೂ 2008ರ ಕಾಯ್ದೆಗೂ ವಿರುದ್ಧವಾಗಿವೆ ಎಂದು ವಾದಿಸಿದರು. ಲೀಗ್ ಅದನ್ನು ಒಪ್ಪಲಿಲ್ಲ.

ಹೆಣ್ಣುಮಕ್ಕಳ ಕ್ರೀಡೆಗೆ ಬಂದರೆ ಪ್ರಶ್ನೆಯ ರೂಪ ಬದಲಾಗುತ್ತದೆ, ಅದು ಹೊಟ್ಟೆಯ ಸುತ್ತ ಸುತ್ತುತ್ತದೆ. ಇಟಲಿಯ ವಾಲಿಬಾಲ್ ಆಟಗಾರ್ತಿ ಲಾರಾ ಲೂಲಿ 2019ರಲ್ಲಿ ಗರ್ಭಿಣಿಯಾದರು. ಕರಾರು ಮುರಿಯಿತು. ಮಗು ಉಳಿಯಲಿಲ್ಲ. ಬರಬೇಕಿದ್ದ ಒಂದು ತಿಂಗಳ ಸಂಬಳ ಕೇಳಿದಾಗ ಕ್ಲಬ್ ತಿರುಗಿ ಅವರ ಮೇಲೆಯೇ ಪರಿಹಾರದ ದಾವೆ ಹಾಕಿತು. ಕರಾರು ಮಾಡಿಕೊಳ್ಳುವಾಗ, ಮಗು ಮಾಡಿಕೊಳ್ಳುವ ಆಸೆಯನ್ನು ಅವರು ಮುಚ್ಚಿಟ್ಟಿದ್ದರು ಎಂಬುದು ಒಂದು ಆರೋಪ. ಆಸೆಯನ್ನು ಮುಚ್ಚಿಡುವುದು ಅಪರಾಧವಾಗಬೇಕಾದರೆ ಅದನ್ನು ಮೊದಲೇ ಒಪ್ಪಿಸುವುದು ಕರ್ತವ್ಯವಾಗಿರಬೇಕು! 2021ರ ಮಾರ್ಚ್‌ನಲ್ಲಿ ಲೂಲಿ ಇದನ್ನು ಬಹಿರಂಗಪಡಿಸಿದರು, ದೇಶವೇ ಸಿಡಿದೆದ್ದಿತು, ಕ್ಲಬ್ ದಾವೆ ಹಿಂತೆಗೆದುಕೊಂಡಿತು. ಅದೇ ವರ್ಷದ ಜನವರಿಯಿಂದ ಫುಟ್‌ಬಾಲ್‌ನ ಜಾಗತಿಕ ಸಂಸ್ಥೆ ಫಿಫಾ, ಗರ್ಭಿಣಿಯಾಗಬಾರದು ಎಂಬ ಷರತ್ತನ್ನು ಕರಾರಿಗೆ ಕಟ್ಟುವಂತಿಲ್ಲ, ಕನಿಷ್ಠ 14 ವಾರ ಹೆರಿಗೆ ರಜೆ ಕೊಡಬೇಕು ಎಂಬ ನಿಯಮ ತಂದಿತ್ತು. ವಾಲಿಬಾಲ್ ಆಡುತ್ತಿದ್ದ ಲೂಲಿ ಅವರಿಗೆ ಅದರಿಂದ ಏನೂ ಸಿಗಲಿಲ್ಲ.

ಲೂಲಿ ಅವರ ಸುದ್ದಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಕಾರಣವಿದೆ, ಇಲ್ಲಿ ಹೇಳಿಯೇಬಿಡುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ವಾಲಿಬಾಲ್ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವ ಸಮಿತಿಯಲ್ಲಿ ನಾನೂ ಒಬ್ಬನಿದ್ದೆ. ನಾಲ್ವರು ಕೂತಿದ್ದೆವು, ಅವರಲ್ಲಿ ಚಿಕ್ಕವನು ನಾನೇ. ಬೆಳಿಗ್ಗೆ ಅಂಗಣದಲ್ಲಿ ಆಡಿಸಿ ನೋಡಿಯಾಗಿತ್ತು. ಮಧ್ಯಾಹ್ನ ಒಬ್ಬೊಬ್ಬರಾಗಿ ಒಳಗೆ ಬಂದರು. ಮೂರನೆಯದಾಗಿ ಬಂದವರು ಇಪ್ಪತ್ತೆರಡರ ಹುಡುಗಿ, ಬಲಗೈಯಲ್ಲಿ ಹೊಡೆಯುವ ಸ್ಪೈಕರ್. ಬೆರಳಿಗೆ ಸುತ್ತಿದ್ದ ಬಿಳಿ ಟೇಪನ್ನು ಇನ್ನೂ ಬಿಚ್ಚಿರಲಿಲ್ಲ. ಎರಡು ನಿಮಿಷ ಆಟದ ಮಾತಾಯಿತು. ಆಮೇಲೆ ನಮ್ಮ ಹಿರಿಯ ಸದಸ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ದನಿಯಲ್ಲಿ ತುಂಬ ಅಕ್ಕರೆ ತಂದುಕೊಂಡು ಕೇಳಿದರು: 'ಮದುವೆ ಯಾವಾಗಮ್ಮ? ಮನೇಲಿ ನೋಡ್ತಿದ್ದಾರಾ? ಆದ್ಮೇಲೂ ಆಡೋಕೆ ಬಿಡ್ತಾರಾ, ಇಲ್ಲ ಮಗು ಆಯ್ತು ಅಂತ ಕೂತುಬಿಡ್ತೀಯಾ?'

ಆಕೆ ಕೂಡಲೇ ಏನೂ ಹೇಳಲಿಲ್ಲ. ತೋರುಬೆರಳಿನ ಟೇಪಿನ ತುದಿಯನ್ನು ಉಗುರಿನಲ್ಲಿ ಎಬ್ಬಿಸಿ, ನಿಧಾನವಾಗಿ ಒಂದು ಸುತ್ತು ಬಿಚ್ಚಿ, ಮತ್ತೆ ಅಲ್ಲೇ ಒತ್ತಿ ಅಂಟಿಸಿದರು. 'ಹಾಗೇನಿಲ್ಲ ಸರ್, ಆಡ್ತೀನಿ ಸರ್' ಎಂದರು. ಹಿರಿಯರು ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಪಕ್ಕದಲ್ಲೇ ಕೂತಿದ್ದ ನನಗೆ ಅದು ಚೆನ್ನಾಗಿ ಕಂಡಿತು. ನಾನು ಬಾಯಿ ತೆರೆಯಲಿಲ್ಲ. ಹಿರಿಯರು, ಮನಸ್ಸಿನಲ್ಲಿ ಕೆಟ್ಟದೇನೂ ಇಟ್ಟುಕೊಂಡಿಲ್ಲ, ಯಾಕೆ ಎದುರಾಡುವುದು ಎಂದುಕೊಂಡೆ. ಮರುದಿನ ಅದೇ ಕೋಣೆಯಲ್ಲಿ ಗಂಡು ಹುಡುಗರ ಸರದಿ. ಮಂಡಿನೋವು ಹೇಗಿದೆ, ಸರ್ವ್ ಯಾಕೆ ಕೈಕೊಡುತ್ತಿದೆ ಎಂದು ಕೇಳಿದರು. ಮದುವೆಯ ಸುದ್ದಿ ಯಾರೂ ಎತ್ತಲಿಲ್ಲ. ಪಟ್ಟಿ ಅಂತಿಮವಾದಾಗ ಆ ಹುಡುಗಿಯ ಹೆಸರು ಅದರಲ್ಲಿ ಇರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯೇ ಕಾರಣವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೇಳಬೇಕಾಗಿದ್ದ ನಾನೂ ಕೇಳಲಿಲ್ಲ. ಹೇಳಬೇಕಾದ ಹೊತ್ತಿನಲ್ಲಿ ಸುಮ್ಮನಿದ್ದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿದೆ.

ಅಕ್ಕರೆಯಿಂದ ಕೇಳಿದರೂ ಕೆಣಕಲು ಕೇಳಿದರೂ ಕುರ್ಚಿಯಲ್ಲಿರುವವರ ಪಾಡು ಒಂದೇ ಎಂದು ನನಗೆ ತಿಳಿದದ್ದು ಆ ಟೇಪಿನಿಂದ. ಇಲ್ಲ ಎನ್ನಲು ಆಗದವರ ಉತ್ತರಕ್ಕೆ ಒಪ್ಪಿಗೆ ಎಂದು ಹೆಸರಿಡಬಾರದು.

ಎನ್‌ಎಫ್‌ಎಲ್ ಕೊನೆಗೂ 2022ರ ಜನವರಿಯಲ್ಲಿ ತಂಡಗಳಿಗೆ ಸುತ್ತೋಲೆ ಕಳಿಸಿತು. ಸಂದರ್ಶನದಲ್ಲಿ ತಂಡದ ಕಡೆಯವರು ಅಗೌರವದಿಂದ, ಅನುಚಿತವಾಗಿ ನಡೆದುಕೊಂಡದ್ದು ಸಾಬೀತಾದರೆ ಆ ತಂಡ ಮೊದಲ ನಾಲ್ಕು ಸುತ್ತುಗಳ ಒಂದು ಆಯ್ಕೆಯನ್ನು ಕಳೆದುಕೊಳ್ಳುತ್ತದೆ, ಕನಿಷ್ಠ 1,50,000 ಡಾಲರ್ ದಂಡವನ್ನೂ ಕಟ್ಟಬೇಕು. ದಂಡದ ಹಣ ಅವರಿಗೆ ಏನೇನೂ ಅಲ್ಲ. ಆಯ್ಕೆ ಕಳೆದುಕೊಳ್ಳುವುದು ಮಾತ್ರ ನಿಜವಾಗಿ ನೋಯುವ ಶಿಕ್ಷೆ, ಏಕೆಂದರೆ ಅದರಿಂದ ಕೋಚ್‌ನ ಕೆಲಸವೇ ಹೋಗಬಹುದು. 2010ರಲ್ಲೇ ಈ ನಿಯಮ ಬಂದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ. 2022ರಿಂದಲೇ ಕಂಬೈನ್‌ನಲ್ಲಿ ವಂಡರ್ಲಿಕ್ ಪರೀಕ್ಷೆಯನ್ನೂ ನಿಲ್ಲಿಸಿದರು. 12 ನಿಮಿಷದಲ್ಲಿ 50 ಪ್ರಶ್ನೆಯ ಬುದ್ಧಿಮತ್ತೆ ಪರೀಕ್ಷೆ ಅದು. 2012ರಲ್ಲಿ ಮೌರಿಸ್ ಕ್ಲೇಬೋರ್ನ್ ಅವರಿಗೆ 4 ಅಂಕ ಬಂತೆಂಬ ಸುದ್ದಿ ಸೋರಿ, ಊರೆಲ್ಲ ಅವರನ್ನು ಆಡಿಕೊಂಡಿತ್ತು. ಮುಚ್ಚಿದ ಕೋಣೆಯಲ್ಲಿ ಕೊಟ್ಟದ್ದು ಮುಚ್ಚಿದ ಕೋಣೆಯಲ್ಲೇ ಉಳಿಯುವುದಿಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಆದರೆ ಹೊಸ ನಿಯಮದಲ್ಲೂ ಬಾಯಿ ತೆರೆಯಬೇಕಾದವರು ಆಟಗಾರರೇ. ದೂರು ಕೊಟ್ಟವನು ಎಂಬ ಹಣೆಪಟ್ಟಿ ಹೊತ್ತು ಏಪ್ರಿಲ್ ತಿಂಗಳ ಡ್ರಾಫ್ಟ್‌ಗೆ ಕಾಯಬೇಕು. ನನ್ನ ಕೈಯಲ್ಲಿದ್ದರೆ ಪ್ರತಿ ಸಂದರ್ಶನವನ್ನೂ ರೆಕಾರ್ಡ್ ಮಾಡಿಸಿ, ಅದರ ಒಂದು ಪ್ರತಿಯನ್ನು ಆಟಗಾರರ ಸಂಘದ ಹತ್ತಿರ ಇಡಿಸುತ್ತಿದ್ದೆ. ಆಗ ಸಾಕ್ಷಿ ಹೇಳುವ ಭಾರ ಆ ಹತ್ತನೆಯವರ ತಲೆಯಿಂದ ಇಳಿಯುತ್ತದೆ.

'ಹಾಗಾದರೆ ಏನು ಕೇಳಬೇಕು? ಕುಲಗೋತ್ರ ತಿಳಿಯದೆ ಹಣ ಹಾಕುವುದು ಹೇಗೆ?' ಎಂದು ನಾನಿಲ್ಲಿಗೆ ಬರುವ ಮೊದಲು ನಿಮ್ಮಲ್ಲೊಬ್ಬರು ಚೀಟಿ ಕಳಿಸಿದ್ದರು. ಹಿನ್ನೆಲೆ ವಿಚಾರಿಸಲು ತಂಡಗಳಿಗೆ ಭದ್ರತಾ ವಿಭಾಗವೇ ಇದೆ, ಶಾಲೆಯ ಕೋಚ್‌ಗಳನ್ನು ಮಾತಾಡಿಸುವ ಸ್ಕೌಟ್‌ಗಳಿದ್ದಾರೆ. ಇನ್ನು ಸಂದರ್ಶನದ ಮಾತಿಗೆ ಬಂದರೆ, ನೌಕರರ ಆಯ್ಕೆಯ ಬಗ್ಗೆ ಆಗಿದ್ದ 85 ವರ್ಷಗಳ ಸಂಶೋಧನೆಯನ್ನೆಲ್ಲ ಒಟ್ಟುಗೂಡಿಸಿ ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ 1998ರಲ್ಲಿ ಲೆಕ್ಕ ಹಾಕಿದ್ದರು. ಎಲ್ಲರಿಗೂ ಮೊದಲೇ ಗೊತ್ತುಮಾಡಿದ, ಕೆಲಸಕ್ಕೆ ಸಂಬಂಧಿಸಿದ ಒಂದೇ ಬಗೆಯ ಪ್ರಶ್ನೆ ಕೇಳಿದ ಸಂದರ್ಶನಗಳು, ಬಾಯಿಗೆ ಬಂದದ್ದು ಕೇಳಿದ ಸಂದರ್ಶನಗಳಿಗಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಊಹಿಸುತ್ತವೆ ಎಂದು ಅದರಲ್ಲಿ ಕಂಡಿತು. ಎಷ್ಟೋ ಒಳ್ಳೆಯ ಕೋಚ್‌ಗಳು ಇದನ್ನು ಯಾವ ಸಂಶೋಧನೆಯನ್ನೂ ಓದದೆ ಮಾಡುತ್ತಾರೆ. ಆಟಗಾರರು ಕೆಟ್ಟದಾಗಿ ಎಡವಿದ ಪಂದ್ಯದ ವಿಡಿಯೊ ಹಾಕುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ, ಆಗ ನಿನ್ನ ಕಣ್ಣಿಗೆ ಏನು ಕಾಣುತ್ತಿತ್ತು ಎನ್ನುತ್ತಾರೆ. ಆಟಗಾರರು ಎದ್ದು ಬೋರ್ಡಿನ ಹತ್ತಿರ ಹೋಗಿ ಗೆರೆ ಎಳೆಯಲು ಶುರು ಮಾಡುತ್ತಾರೆ. ಯಾರ ತಪ್ಪು, ಯಾರು ಎಲ್ಲಿರಬೇಕಿತ್ತು, ತಾವು ಎಲ್ಲಿ ತಡ ಮಾಡಿದರು. ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವವರೋ, ತಮ್ಮ ಮೇಲೆ ತೆಗೆದುಕೊಳ್ಳುವವರೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ತಂಡಕ್ಕೆ ಬೇಕಿರುವ ಗುಣ ಅದೇ ತಾನೇ?

ಆ ಟೇಪಿನ ಹುಡುಗಿ ಬೆಳಿಗ್ಗೆ ಅಂಗಣದಲ್ಲಿ ಆಡುವಾಗ ನಾನೊಂದು ಗಮನಿಸಿದ್ದೆ. ಉಳಿದ ಸ್ಪೈಕರ್‌ಗಳೆಲ್ಲ ನಾಲ್ಕು ಹೆಜ್ಜೆ ಓಡಿ ಜಿಗಿಯುತ್ತಿದ್ದರು, ಆಕೆ ಮೂರೇ ಹೆಜ್ಜೆಗೆ ಜಿಗಿಯುತ್ತಿದ್ದರು. ಎದುರಿನ ಬ್ಲಾಕ್ ಕೈ ಎತ್ತುವಷ್ಟರಲ್ಲಿ ಚೆಂಡು ನೆಲ ಮುಟ್ಟಿರುತ್ತಿತ್ತು. ಆ ಮೂರು ಹೆಜ್ಜೆ ಯಾರು ಕಲಿಸಿದರು, ಎತ್ತರ ಕಡಿಮೆಯೆಂದು ತಾವೇ ಕಂಡುಕೊಂಡರೋ ಎಂದು ಕೇಳಬೇಕೆಂದು ನನ್ನ ಹಾಳೆಯಲ್ಲಿ ಬರೆದುಕೊಂಡಿದ್ದೆ. ಮದುವೆಯ ಮಾತು ಮುಗಿಯುವ ಹೊತ್ತಿಗೆ ಆಕೆಯ ಸಮಯ ಮುಗಿದಿತ್ತು.